ಎಂಜಿನ್ ನಿಂತ ಮೇಲೆ ವಿಮಾನ ಇಳಿಯುವುದು ಹೇಗೆ?

೨೦೧೫ನೆಯ ಇಸವಿ ಮಾರ್ಚ್ ೫ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಹಳೆಯ ಕಾಲದ ಒಂದು ಲಘುವಿಮಾನವು ಆಕಾಶಕ್ಕೇರಿತು. ಅದರಲ್ಲಿದ್ದವರು ಒಬ್ಬರೇ, ಚಲನಚಿತ್ರಗಳ ಮೂಲಕ ಲೋಕವೆಲ್ಲ ಬಲ್ಲ ನಟ ಹ್ಯಾರಿಸನ್ ಫೋರ್ಡ್. ಆಗ ಅವರಿಗೆ ೭೨ ವರ್ಷ ವಯಸ್ಸು. ವಿಮಾನವು ಸುಮಾರು ೧೧೦೦ ಅಡಿ ಎತ್ತರವನ್ನು ಮುಟ್ಟುವಷ್ಟರಲ್ಲಿ ಎಂಜಿನ್ನಿನ ಶಕ್ತಿ ಉಡುಗಿಹೋಯಿತು. ಅವರು ಗಂಟೆಗೆ ೮೫ ಮೈಲಿಯ ವೇಗವನ್ನು ಕಾಯ್ದುಕೊಂಡು, ಎಡಕ್ಕೆ ತಿರುಗಿ, ಬಿಟ್ಟುಬಂದ ನಿಲ್ದಾಣದ ಕಡೆಗೆ ವಿಮಾನವನ್ನು ನಡೆಸಿದರು. ಆದರೆ ರನ್‌ವೇಯನ್ನು ಮುಟ್ಟುವುದು ಸಾಧ್ಯವಿಲ್ಲವೆಂಬುದು ಬೇಗನೆ ತಿಳಿದುಬಂದಿತು. ಸುತ್ತಲೂ ಜನವಸತಿ, ನಡುವೆ ಪೆನ್ಮಾರ್ ಎಂಬ ಗಾಲ್ಫ್ ಮೈದಾನದ ಬಯಲು. ವಿಮಾನವು ಒಂದು ಮರದ ತುದಿಗೆ ತಗುಲಿ ಆ ಮೈದಾನದ ಮೇಲೆ ಬಿದ್ದಿತು. ರನ್‌ವೇಯ ತುದಿ ಅಲ್ಲಿಂದ ಕೆಲವೇ ನೂರು ಅಡಿಗಳ ದೂರದಲ್ಲಿತ್ತು. ಚಾಲಕರಿಗೆ ತೀವ್ರವಾದ ಗಾಯಗಳಾದುವು, ಪ್ರಾಣ ಉಳಿಯಿತು. ನೆಲದ ಮೇಲಿದ್ದ ಯಾರಿಗೂ ಅಪಾಯವಾಗಲಿಲ್ಲ.

ವೃತ್ತಪತ್ರಿಕೆಗಳಿಗೆ ನಟನ ಹೆಸರೇ ಮುಖ್ಯವಾಗಿದ್ದುದು ಸಹಜ. ಭೌತವಿಜ್ಞಾನದ ವಿದ್ಯಾರ್ಥಿಗಳಾದ ನಮಗೆ ಮುಖ್ಯವಾದುದು ಬೇರೆ. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು ತನ್ನ ತನಿಖೆಯ ಫಲವನ್ನು ಪ್ರಕಟಿಸಿತು. ಎಂಜಿನ್ನಿನ ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಅಳತೆಮಾಡಿ ಬಿಡುವ ‘ಜೆಟ್’ ಎಂಬ ಪುಟ್ಟ ತಿರುಪು ತನ್ನ ನೆಲೆಯಿಂದ ಕಳಚಿ, ಸುಮಾರು ೯೦ ಡಿಗ್ರಿಯಷ್ಟು ಅಡ್ಡಕ್ಕೆ ಹೊರಳಿತ್ತು. ಅವಘಡಕ್ಕೆ ಕಾರಣ ಇಷ್ಟೆ. ಇಷ್ಟರಿಂದ ಎಂಜಿನ್ ಏಕೆ ನಿಲ್ಲಬೇಕು, ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಏಕೆ ಬೀಳಲಿಲ್ಲ, ನೆಲಕ್ಕೆ ಅಪ್ಪಳಿಸಿದರೂ ಒಳಗಿದ್ದವರು ಹೇಗೆ ಬದುಕಿದರು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ. ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದು ಇದಕ್ಕೆ ಬೇಕಾಗುವುದಿಲ್ಲ.

ಮೊದಲು ವಿಮಾನದ ಪರಿಚಯ. ಅದು ರಯಾನ್ ಕಂಪನಿಯ ಪಿಟಿ-೨೨ ಎಂಬ ಜಾತಿಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಹೊಸ ವೈಮಾನಿಕರಿಗೆ ಹಾರುವುದನ್ನು ಕಲಿಸಲು ತಯಾರಾದುದು. ಒಂದರ ಹಿಂದೊಂದು ಎರಡು ಆಸನಗಳು, ಮೇಲೆ ಮುಚ್ಚಳವಿಲ್ಲ. ಗಾಲಿಗಳು ಒಳಕ್ಕೆ ಮಡಿಚಿಕೊಳ್ಳುವುದಿಲ್ಲ. ರೆಕ್ಕೆಗಳನ್ನು ಬಿಗಿಯಲು ಹೊರಗೆ ತಂತಿಗಳಿವೆ. ಮೂತಿಯಲ್ಲಿ ನಕ್ಷತ್ರದ ಕಿರಣಗಳಂತೆ ಸುತ್ತಲೂ ಜೋಡಿಸಿದ ಐದು ಸಿಲಿಂಡರುಗಳ ಕಿನ್ನರ್ ಎಂಜಿನ್. ಅದರ ಸಾಮರ್ಥ್ಯ ೧೬೦ ಅಶ್ವಶಕ್ತಿ. ನಮ್ಮ ಲೆಕ್ಕಗಳಿಗೆ ವಿಮಾನದ ಒಟ್ಟು ತೂಕವನ್ನು ೮೦೦ ಕಿಲೋಗ್ರಾಮ್ ಎಂದು ಹಿಡಿಯೋಣ.

ಪೆಟ್ರೋಲು ತಾನಾಗಿ ಉರಿಯುವುದಿಲ್ಲ; ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುತ್ತದೆ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ಹದಿನೈದು ತೂಕ ಗಾಳಿ ಬೇಕು. ಪೆಟ್ರೋಲಿನ ಪಾಲು ಇದಕ್ಕಿಂತ ತುಸು ಹೆಚ್ಚಾದರೆ ಎಂಜಿನ್ ಇನ್ನೂ ಹುರುಪಾಗಿ ಕೆಲಸಮಾಡುತ್ತದೆ. ಆದರೆ ಆರೇಳು ತೂಕ ಗಾಳಿಗೆ ಒಂದು ತೂಕ ಪೆಟ್ರೋಲು ಎಂಬಷ್ಟು ಮಿಶ್ರಣವು ಮಂದವಾದರೆ, ಪ್ಲಗ್ಗು ಕಿಡಿ ಹಾರಿಸಿದರೂ ಜ್ವಾಲೆ ಹಬ್ಬುವುದಿಲ್ಲ. ಸೀಮೆಎಣ್ಣೆಯ ಲಾಂದ್ರದ ಬತ್ತಿಯನ್ನು ವಿಪರೀತವಾಗಿ ಏರಿಸಿದರೆ ಬೆಳಕು ಹೆಚ್ಚುವ ಬದಲು ಹೊಗೆಯಾಡಿ ಗಾಜು ಕಪ್ಪಾಗುವುದಷ್ಟೆ? ಎಣ್ಣೆಗೆ ಕೊರತೆಯಿಲ್ಲ, ಗಾಳಿಗೆ ಕೊರತೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಎಂಜಿನ್ನಿಗೂ ಸಲ್ಲುತ್ತದೆ.

ಈ ಪ್ರಮಾಣವನ್ನು ಕಾಯುವುದು ಕಾರ್ಬ್ಯುರೇಟರಿನ ಕೆಲಸ. ಗಾಳಿಯು ಎಂಜಿನ್ನಿಗೆ ಹೋಗುವ ಕೊಳವೆಯನ್ನು ಒಂದೆಡೆ ಸೊಂಟದಂತೆ ಕಿರಿದು ಮಾಡಿರುತ್ತಾರೆ. ಕಿರಿದಾದೆಡೆ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. ಇದು ಬರ್ನೂಲಿಯ ತತ್ತ್ವ. ಪಕ್ಕದ ಪುಟ್ಟ ತೊಟ್ಟಿಯಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡವಿರುವುದರಿಂದ, ಅದು ಒತ್ತಡ ಕಡಮೆಯಿರುವ ಸೊಂಟದೊಳಕ್ಕೆ ಚಿಮ್ಮಿ, ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಎಷ್ಟು ಪೆಟ್ರೋಲು ಚಿಮ್ಮಬೇಕೆಂಬುದನ್ನು ನಿಶ್ಚಯಿಸುವುದೇ ಜೆಟ್. ನಡುವೆ ಬಹು ನಿಖರವಾಗಿ ಕೊರೆದ ರಂಧ್ರವುಳ್ಳ ತಿರುಪು ಅದು. ಒತ್ತಡಗಳ ವ್ಯತ್ಯಾಸವು ಒಂದೇ ಆಗಿದ್ದಾಗ ಹರಿವು ರಂಧ್ರದ ಕ್ಷೇತ್ರಫಲವನ್ನು ಅನುಸರಿಸುತ್ತದೆ. ವ್ಯಾಸ ಎರಡರಷ್ಟಾದರೆ ಹರಿವು ನಾಲ್ಕರಷ್ಟು. ಸ್ಕೂಟರಿನ ಕಾರ್ಬ್ಯುರೇಟರನ್ನು ಬಿಚ್ಚಿ ಜೆಟ್ಟನ್ನು ಊದಿ ಸ್ವಚ್ಛಮಾಡುವ ಮೆಕ್ಯಾನಿಕ್ಕನು, ರಂಧ್ರವು ದೊಡ್ಡದಾದೀತೆಂಬ ಭಯದಿಂದ, ಅದರೊಳಕ್ಕೆ ಉಕ್ಕಿನ ತಂತಿಯನ್ನು ತೂರಿಸಲು ಒಪ್ಪದಿರುವುದು ಈ ಕಾರಣದಿಂದಲೇ.

ಇಂತಹ ಜೆಟ್ ತನ್ನ ನೆಲೆಯಿಂದ ಕಳಚಿಕೊಂಡರೆ ಪೆಟ್ರೋಲು ರಂಧ್ರದ ಅಂಕೆಯಲ್ಲಿ ಉಳಿಯುವುದಿಲ್ಲ. ತಿರುಪಿನ ಸುತ್ತಣ ದಾರಿಯೆಲ್ಲ ತೆರೆದುಕೊಳ್ಳುತ್ತದೆ. ಎಂಜಿನ್ನಿಗೆ ಉಪವಾಸವಿಲ್ಲ, ಅದು ಮುಳುಗಿಹೋಗುತ್ತದೆ. ಎಂಜಿನ್ ಕೆಟ್ಟಿತೆಂದೊಡನೆ ಪೆಟ್ರೋಲು ಮುಗಿದಿರಬೇಕೆಂದು ಊಹಿಸುವವರಿಗೆ ಈ ಪ್ರಸಂಗವು ವಿಚಿತ್ರವಾಗಿ ತೋರಬಹುದು.

ಬಿಗಿಯಾಗಿದ್ದ ತಿರುಪು ಸಡಿಲವಾದುದು ಹೇಗೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಪಠ್ಯಪುಸ್ತಕಗಳು ಈ ವಿಷಯವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ತಿರುಪು ಎಂಬುದು ಕಂಬಕ್ಕೆ ಸುತ್ತಿದ ಇಳಿಜಾರು ಸಮತಲವೆಂದು ನಾವು ಓದಿದ್ದೇವೆ. ೮ ಮಿಲಿಮೀಟರ್ ವ್ಯಾಸದ ತಿರುಪು ಒಂದು ಸುತ್ತಿಗೆ ೧ ಮಿಲಿಮೀಟರ್ ಮುಂದೆ ಸರಿಯುವುದಾದರೆ, ಅದರ ಇಳಿಜಾರು ೨೫ಕ್ಕೆ ೧ರಷ್ಟು ಮಾತ್ರ. ಲೋಹಕ್ಕೂ ಲೋಹಕ್ಕೂ ನಡುವಣ ಘರ್ಷಣೆಯ ಗುಣಾಂಕವನ್ನು ೦.೧೫ ಎಂದಿಟ್ಟುಕೊಂಡರೆ, ಜಾರಲು ಬೇಕಾದ ಇಳಿಜಾರು ಸುಮಾರು ೭ಕ್ಕೆ ೧. ಆದುದರಿಂದ ಬಿಗಿದ ತಿರುಪು ತಾನಾಗಿ ಬಿಚ್ಚಿಕೊಳ್ಳಲು ಕಾರಣವೇ ಇಲ್ಲ. ಲೆಕ್ಕ ಸರಿಯಾಗಿದೆ, ಆದರೆ ಅದು ಅಲುಗದ ತಿರುಪಿಗೆ ಮಾತ್ರ ಸಲ್ಲುವ ಲೆಕ್ಕ.

ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಒಂದು ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟು ಅದರ ಮೇಲೆ ಪುಸ್ತಕವೊಂದನ್ನು ಇಡಿರಿ. ಪುಸ್ತಕ ಜಾರುವುದಿಲ್ಲ. ಈಗ ಹಲಗೆಯ ಓರೆಯನ್ನು ಬದಲಿಸದೆ ಅದನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲುಗಿಸಿರಿ. ಪುಸ್ತಕವು ಅಡ್ಡಲಾಗಿ ಅಲುಗಾಡುವುದರ ಜೊತೆಗೆ ಕೆಳಕ್ಕೂ ಮೆಲ್ಲಮೆಲ್ಲನೆ ಇಳಿಯತೊಡಗುತ್ತದೆ. ಘರ್ಷಣೆಯು ಯಾವಾಗಲೂ ಜಾರುವ ದಿಕ್ಕಿಗೆ ವಿರುದ್ಧವಾಗಿ ವರ್ತಿಸುತ್ತದೆ. ಅಡ್ಡ ಜಾರಿಕೆಯನ್ನು ತಡೆಯುವುದರಲ್ಲಿಯೇ ಅದರ ಬಲವೆಲ್ಲ ಸಂದುಹೋದರೆ, ಇಳಿಜಾರಿನ ಕಡೆಗೆ ತಡೆಯೇ ಇರುವುದಿಲ್ಲ. ತಿರುಪುಗಳ ವಿಷಯದಲ್ಲಿ ಅಡ್ಡ ಕಂಪನವೇ ಬಹು ಕೇಡಿನದೆಂಬುದನ್ನು ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರು ೧೯೬೯ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಕಿನ್ನರ್ ಎಂಜಿನ್ನು ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ ೧೮೫೦ ಸುತ್ತು ತಿರುಗುತ್ತದೆ. ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಸಿಡಿಯುವುದರಿಂದ, ಐದು ಸಿಲಿಂಡರುಗಳಿಂದ ನಿಮಿಷಕ್ಕೆ ೪೬೨೫ ಸಿಡಿತ. ಗಂಟೆಗೆ ಎರಡು ಲಕ್ಷದ ಎಪ್ಪತ್ತೇಳು ಸಾವಿರಕ್ಕೂ ಮೇಲೆ. ಒಂದೊಂದು ಸಿಡಿತವೂ ಒಂದು ನಡುಕ. ವಿಮಾನದ ಮುಖ್ಯವಾದ ತಿರುಪುಗಳಿಗೆಲ್ಲ ತಂತಿಯನ್ನು ಹೊಸೆದು ಬೀಗದಂತೆ ಕಟ್ಟುವುದೂ, ಸೀಳುಮೊಳೆಗಳನ್ನು ತೂರಿಸಿ ಮಡಿಚುವುದೂ ಇದಕ್ಕಾಗಿಯೇ. ಸ್ಯಾಂಟಾ ಮೋನಿಕಾದ ವಿಮಾನದಲ್ಲಿ ಜೆಟ್ಟು ಬಹುಕಾಲದಿಂದ ಸ್ವಲ್ಪಸ್ವಲ್ಪವಾಗಿ ಸಡಿಲಗೊಂಡಿರಬೇಕೆಂದು ತನಿಖೆಗಾರರು ತೀರ್ಮಾನಿಸಿದರು. ಸುಮಾರು ೧೭ ವರ್ಷಗಳ ಹಿಂದೆ ವಿಮಾನವನ್ನು ಜೀರ್ಣೋದ್ಧಾರ ಮಾಡಿದಾಗ ಕಾರ್ಬ್ಯುರೇಟರನ್ನೂ ಬಿಚ್ಚಿ ಕಟ್ಟಿದ್ದರು. ಅನಂತರ ಅದನ್ನು ಮುಟ್ಟಿದ ದಾಖಲೆಯಿಲ್ಲ. ಮುಟ್ಟಬೇಕೆಂದು ಹೇಳುವ ಸೂಚನೆಯೂ ಕೈಪಿಡಿಗಳಲ್ಲಿ ಇರಲಿಲ್ಲ. ಅಲಕ್ಷ್ಯವೆಂದು ಯಾರನ್ನಾದರೂ ದೂರುವುದು ಸುಲಭ. ನಮಗಂತೂ ಕೈಪಿಡಿಯ ಮೌನವೇ ಹೆಚ್ಚು ಗಂಭೀರವಾದ ಸಂಗತಿಯಾಗಿ ಕಾಣುತ್ತದೆ.

ಇನ್ನು ಆಕಾಶಕ್ಕೆ ಬರೋಣ. ಎಂಜಿನ್ನು ವಿಮಾನವನ್ನು ಎತ್ತಿಹಿಡಿದಿದೆಯೆಂದು ಹಲವರು ತಿಳಿಯುತ್ತಾರೆ. ಎತ್ತಿಹಿಡಿಯುವುದು ರೆಕ್ಕೆ. ರೆಕ್ಕೆಯ ಮೇಲೆ ಗಾಳಿ ಹರಿಯುತ್ತಿರುವವರೆಗೂ ಎತ್ತುಬಲವಿರುತ್ತದೆ. ವಿಮಾನವನ್ನು ಮುಂದಕ್ಕೆ ಎಳೆದು, ಗಾಳಿಯ ತಡೆಬಲವನ್ನು ಗೆದ್ದು, ಆ ಹರಿವನ್ನು ಉಳಿಸುವುದಷ್ಟೇ ಎಂಜಿನ್ನಿನ ಕೆಲಸ. ಎಂಜಿನ್ ನಿಂತಾಗ ಈ ಕೆಲಸವನ್ನು ಗುರುತ್ವಕ್ಕೆ ಒಪ್ಪಿಸಬಹುದು. ಪೆಡಲು ತುಳಿಯದೆ ಸೈಕಲ್ಲು ಇಳಿಜಾರಿನಲ್ಲಿ ಓಡುವುದಿಲ್ಲವೇ? ಹಾಗೆಯೇ ವಿಮಾನದ ಮೂತಿಯನ್ನು ತುಸು ಬಗ್ಗಿಸಿದರೆ, ಅದರ ತೂಕದ ಒಂದಂಶವು ಹಾದಿಯುದ್ದಕ್ಕೂ ಮುಂದಕ್ಕೆ ಎಳೆದು ತಡೆಬಲಕ್ಕೆ ಸಮನಾಗುತ್ತದೆ. ಎತ್ತುಬಲವು ತಡೆಬಲದ ಎಂಟರಷ್ಟಿದ್ದರೆ, ಒಂದು ಅಡಿ ಇಳಿಯುವುದರೊಳಗೆ ವಿಮಾನವು ಎಂಟು ಅಡಿ ಮುಂದೆ ಸಾಗುತ್ತದೆ. ಗಾಲಿ, ತಂತಿ, ತೆರೆದ ಆಸನಗಳಿಂದ ತಡೆ ಹೆಚ್ಚಾಗಿರುವ ಹಳೆಯ ವಿಮಾನಕ್ಕೆ ಎಂಟು ಎಂಬುದು ಉದಾರವಾದ ಊಹೆಯೇ ಸರಿ. ಲೆಕ್ಕಕ್ಕಾಗಿ ಹಾಗೆಯೇ ಇಟ್ಟುಕೊಳ್ಳೋಣ.

ಗಂಟೆಗೆ ೮೫ ಮೈಲಿಯೆಂದರೆ ಸೆಕೆಂಡಿಗೆ ಸುಮಾರು ೧೨೫ ಅಡಿ. ಸಾವಿರ ಅಡಿ ಎತ್ತರದಿಂದ ಎಂಟು ಸಾವಿರ ಅಡಿ ದೂರ. ಸಮಯ ೬೪ ಸೆಕೆಂಡು. ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಎಂಜಿನ್ ಏಕೆ ಕೆಟ್ಟಿತೆಂದು ಯೋಚಿಸುತ್ತ ನಾಲ್ಕು ಸೆಕೆಂಡು ಕಳೆದರೆ ಐನೂರು ಅಡಿ ಹೋಯಿತು. ಚಾಲಕರು ಎಂಜಿನ್ನನ್ನು ಮತ್ತೆ ಚಾಲೂಮಾಡುವ ಪ್ರಯತ್ನಕ್ಕೆ ತೊಡಗಲಿಲ್ಲ. ಜೆಟ್ಟು ಕಳಚಿದ್ದ ಕಾರಣ ಆ ಪ್ರಯತ್ನವು ಫಲಿಸುತ್ತಲೂ ಇರಲಿಲ್ಲವೆಂದು ನಾವು ಈಗ ಬಲ್ಲೆವು.

ಹಿಂದಿರುಗುವುದರ ಬೆಲೆ ಎಷ್ಟು? ವಿಮಾನವನ್ನು ೩೦ ಡಿಗ್ರಿ ಓರೆಮಾಡಿ ತಿರುಗಿಸಿದರೆ, ೮೫ ಮೈಲಿಯ ವೇಗದಲ್ಲಿ ತಿರುವಿನ ತ್ರಿಜ್ಯವು ಸುಮಾರು ೮೫೦ ಅಡಿ. ಅರ್ಧವೃತ್ತವನ್ನು ಸುತ್ತಲು ೨೧ ಸೆಕೆಂಡು ಬೇಕು. ಓರೆಯಾದಾಗ ಇಳಿತವೂ ಹೆಚ್ಚುವುದರಿಂದ ನಾನೂರು ಅಡಿಯಷ್ಟು ಎತ್ತರವು ಅದರಲ್ಲಿಯೇ ಕರಗುತ್ತದೆ. ಇಷ್ಟಾದ ಮೇಲೂ ವಿಮಾನವು ರನ್‌ವೇಯ ನೇರಕ್ಕೆ ಬಂದಿರುವುದಿಲ್ಲ. ಅದರಿಂದ ೧೭೦೦ ಅಡಿ ಪಕ್ಕಕ್ಕೆ ಇರುತ್ತದೆ. ಅಲ್ಲಿಂದ ಮತ್ತೆ ಒಳಕ್ಕೆ ಬಾಗಿ, ಕೊನೆಗೆ ನೇರವಾಗಬೇಕು.

ಹಾಗಾದರೆ ಇನ್ನೂ ಹೆಚ್ಚು ಓರೆಮಾಡಿ ಬೇಗ ತಿರುಗಬಾರದೇಕೆ? ಇಲ್ಲಿಯೇ ಅಪಾಯದ ಬೀಜವಿದೆ. ಪ್ರತಿ ವಿಮಾನಕ್ಕೂ ಒಂದು ಕನಿಷ್ಠ ವೇಗವುಂಟು. ವೇಗ ಕುಗ್ಗಿದಂತೆ ಎತ್ತುಬಲವನ್ನು ಉಳಿಸಲು ರೆಕ್ಕೆಯನ್ನು ಎದುರುಗಾಳಿಗೆ ಹೆಚ್ಚು ಹೆಚ್ಚು ಎತ್ತಿ ಒಡ್ಡಬೇಕು. ಒಂದು ಮಿತಿಯನ್ನು ದಾಟಿದರೆ ಗಾಳಿಯು ರೆಕ್ಕೆಯ ಬೆನ್ನನ್ನು ಅಂಟಿ ಹರಿಯದೆ ಕಿತ್ತುಕೊಂಡು ಸುಳಿಗಳಾಗುತ್ತದೆ, ಎತ್ತುಬಲ ಥಟ್ಟನೆ ಕುಸಿಯುತ್ತದೆ. ವೈಮಾನಿಕರು ಇದನ್ನು ‘ಸ್ಟಾಲ್’ ಎನ್ನುವರು. ನೇರವಾದ ಹಾರಾಟದಲ್ಲಿ ನಮ್ಮ ವಿಮಾನಕ್ಕೆ ಈ ಕನಿಷ್ಠ ವೇಗವು ಗಂಟೆಗೆ ೬೪ ಮೈಲಿಯೆಂದು ಹಿಡಿಯೋಣ. ವಿಮಾನವು ಓರೆಯಾದಾಗ ಎತ್ತುಬಲವೂ ಓರೆಯಾಗುತ್ತದೆ. ಅದರ ಲಂಬವಾದ ಅಂಶವು ತೂಕವನ್ನು ಹೊರಬೇಕಾದರೆ ಒಟ್ಟು ಬಲವು ಹೆಚ್ಚಬೇಕು. ೪೫ ಡಿಗ್ರಿಯಲ್ಲಿ ಅದು ತೂಕದ ೧.೪೧ರಷ್ಟು, ೬೦ ಡಿಗ್ರಿಯಲ್ಲಿ ಎರಡರಷ್ಟು. ಎತ್ತುಬಲವು ವೇಗದ ವರ್ಗವನ್ನು ಅನುಸರಿಸುವುದರಿಂದ ಕನಿಷ್ಠ ವೇಗವು ಇದರ ವರ್ಗಮೂಲದಂತೆ ಏರುತ್ತದೆ: ೪೫ ಡಿಗ್ರಿಗೆ ೭೬ ಮೈಲಿ, ೬೦ ಡಿಗ್ರಿಗೆ ೯೦ ಮೈಲಿ. ೮೫ ಮೈಲಿಯಲ್ಲಿ ತೇಲುತ್ತಿರುವಾತನು ಗಾಬರಿಯಿಂದ ೬೦ ಡಿಗ್ರಿ ಓರೆಮಾಡಿ ಮೂತಿಯನ್ನು ಎಳೆದರೆ, ವೇಗಮಾಪಕದ ಮುಳ್ಳು ಅಲುಗದಿದ್ದರೂ ವಿಮಾನವು ಕೈಬಿಟ್ಟು ಬೀಳುತ್ತದೆ. ಮೇಲೇರುವಾಗ ಎಂಜಿನ್ ಕೆಟ್ಟರೆ ಹಿಂದಿರುಗಬೇಡ, ಮುಂದೆ ಸಿಕ್ಕಿದ ಬಯಲಿನಲ್ಲಿ ಇಳಿ ಎಂದು ಕಲಿಯುವವರಿಗೆ ಮೊದಲಿನಿಂದಲೂ ಹೇಳಿಕೊಡುತ್ತಾರೆ. ಸ್ಯಾಂಟಾ ಮೋನಿಕಾದಲ್ಲಿ ಹಿಂದಿರುಗುವ ಪ್ರಯತ್ನ ನಡೆಯಿತು. ಅದು ಸರಿಯೋ ತಪ್ಪೋ ಎಂದು ಕುರ್ಚಿಯಲ್ಲಿ ಕುಳಿತು ತೀರ್ಪು ಕೊಡಲು ನಾವು ಹೊರಟಿಲ್ಲ. ಆದರೆ ಆ ೮೫ ಮೈಲಿಯನ್ನು ಬಿಟ್ಟುಕೊಡದೆ ಇದ್ದುದರ ಬೆಲೆಯನ್ನು ಲೆಕ್ಕಹಾಕಬಹುದು.

ನೆಲವನ್ನು ಮುಟ್ಟುವಾಗ ವೇಗವು ೬೪ ಮೈಲಿ, ಅಂದರೆ ಸೆಕೆಂಡಿಗೆ ೯೪ ಅಡಿ ಇತ್ತೆನ್ನೋಣ. ಇದು ೧೩೭ ಅಡಿ ಎತ್ತರದಿಂದ ಬಿದ್ದ ವಸ್ತುವಿನ ವೇಗ. ೮೦೦ ಕಿಲೋಗ್ರಾಮ್ ವಿಮಾನದಲ್ಲಿ ಆಗ ಮೂರು ಲಕ್ಷ ಜೂಲಿಗೂ ಹೆಚ್ಚಿನ ಚಲನಶಕ್ತಿ ಇರುತ್ತದೆ. ಈ ಶಕ್ತಿಯೆಲ್ಲವೂ ಎಲ್ಲಿಯಾದರೂ ವ್ಯಯವಾಗಲೇಬೇಕು. ಎಷ್ಟು ದೂರದಲ್ಲಿ ವ್ಯಯವಾಗುತ್ತದೆಂಬುದೇ ಪ್ರಶ್ನೆ. ಸಮವಾಗಿ ವೇಗ ಕುಗ್ಗಿದರೆ ಲೆಕ್ಕ ಬಹಳ ಸರಳ: ೧೩೭ನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಒಳಗಿನ ದೇಹವು ತನ್ನ ತೂಕದ ಎಷ್ಟರಷ್ಟು ಬಲವನ್ನು ತಾಳಬೇಕೆಂಬುದು ದೊರೆಯುತ್ತದೆ. ನೂರು ಅಡಿ ಜಾರಿ ನಿಂತರೆ ೧.೪ರಷ್ಟು, ಮೂವತ್ತು ಅಡಿಯಲ್ಲಿ ನಿಂತರೆ ೪.೬ರಷ್ಟು, ಗೋಡೆಗೆ ತಗುಲಿ ಮೂರೇ ಅಡಿಯಲ್ಲಿ ನಿಂತರೆ ೪೬ರಷ್ಟು.

ಗೋಡೆಗೂ ಹುಲ್ಲುಗಾವಲಿಗೂ ಇರುವ ಅಂತರ ಇದೇ. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಎಂಟಕ್ಕೆ ಒಂದರಂತೆ ತೇಲಿ ಬರುವ ವಿಮಾನದ ವೇಗದಲ್ಲಿ ಕೆಳಮುಖವಾದ ಅಂಶವು ಸೆಕೆಂಡಿಗೆ ಹನ್ನೆರಡು ಅಡಿ ಮಾತ್ರ. ಅದು ಎರಡಡಿಯ ಜಗಲಿಯಿಂದ ಹಾರಿದಂತೆ. ಉಳಿದ ವೇಗವೆಲ್ಲ ಅಡ್ಡವಾಗಿದ್ದು, ಬಯಲಿನ ಉದ್ದಕ್ಕೂ ಸವೆಯಬಲ್ಲುದು. ನೂರಡಿ ಎತ್ತರದಲ್ಲಿ ‘ಸ್ಟಾಲ್’ ಆಗಿ ನೇರವಾಗಿ ಬಿದ್ದಿದ್ದರೆ ಕೆಳಮುಖವಾದ ವೇಗವೇ ಸೆಕೆಂಡಿಗೆ ೮೦ ಅಡಿಯಾಗುತ್ತಿತ್ತು, ಅದನ್ನು ಸವೆಸಲು ಮೂತಿಯ ಕೆಲವು ಅಡಿ ಲೋಹವಲ್ಲದೆ ಬೇರೇನೂ ಇರುತ್ತಿರಲಿಲ್ಲ. ಕೊನೆಯಲ್ಲಿ ಮರಕ್ಕೆ ತಗುಲಿದ್ದರಿಂದ ಈ ವಿಮಾನದ ಇಳಿತವು ನಮ್ಮ ಲೆಕ್ಕದಷ್ಟು ಮೃದುವಾಗಲಿಲ್ಲವೆಂಬುದು ಬೇರೆ ಮಾತು.

ಮನುಷ್ಯದೇಹವು ಎಷ್ಟು ತಾಳಬಲ್ಲುದು? ಹ್ಯೂ ಡಿಹೇವನ್ ಎಂಬಾತನು ಮೊದಲನೆಯ ಮಹಾಯುದ್ಧದಲ್ಲಿ, ೧೯೧೭ರಲ್ಲಿ, ಹಾರಾಟದ ಶಿಕ್ಷಣ ಪಡೆಯುತ್ತಿದ್ದಾಗ ಎರಡು ವಿಮಾನಗಳು ಡಿಕ್ಕಿಹೊಡೆದು ನೆಲಕ್ಕೆ ಬಿದ್ದು ಬದುಕಿ ಉಳಿದನು. ತಾನೇಕೆ ಸಾಯಲಿಲ್ಲ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ೫೦ರಿಂದ ೧೫೦ ಅಡಿ ಎತ್ತರದಿಂದ ಬಿದ್ದೂ ಬದುಕಿದವರ ಪ್ರಸಂಗಗಳನ್ನು ಸಂಗ್ರಹಿಸಿ, ನಿಲ್ಲುವ ದೂರವು ಸ್ವಲ್ಪ ಹೆಚ್ಚಿ, ಬಲವು ದೇಹದ ಮೇಲೆ ಹರಡಿಕೊಂಡರೆ ಮನುಷ್ಯನು ಅಚ್ಚರಿಯೆನಿಸುವಷ್ಟು ತಾಳಬಲ್ಲನೆಂದು ೧೯೪೨ರಲ್ಲಿ ತೋರಿಸಿದನು. ನಮ್ಮ ೧೩೭ ಅಡಿಯೂ ಆ ಎಲ್ಲೆಯೊಳಗೇ ಇದೆ. ಮುಂದೆ ೧೯೫೪ರ ಡಿಸೆಂಬರ್ ೧೦ರಂದು ಅಮೆರಿಕದ ಸೈನ್ಯದ ವೈದ್ಯ ಜಾನ್ ಸ್ಟ್ಯಾಪ್ ಎಂಬವರು ತಮ್ಮನ್ನು ರಾಕೆಟ್ ಬಂಡಿಗೆ ಬಿಗಿಸಿಕೊಂಡು, ಗಂಟೆಗೆ ೬೩೨ ಮೈಲಿಯ ವೇಗದಿಂದ ಸೆಕೆಂಡೂವರೆಯೊಳಗೆ ನಿಂತು, ತೂಕದ ೪೬ರಷ್ಟು ಬಲವನ್ನು ಕ್ಷಣಕಾಲ ತಾಳಿ ಬದುಕಿದರು. ಆದರೆ ಅವರನ್ನು ಭುಜ, ಎದೆ, ಸೊಂಟಗಳೆಲ್ಲೆಡೆ ಪಟ್ಟಿಗಳಿಂದ ಬಿಗಿದಿದ್ದರು.

ಸ್ಯಾಂಟಾ ಮೋನಿಕಾದ ವಿಮಾನದಲ್ಲಿಯೂ ಭುಜದ ಪಟ್ಟಿಯಿತ್ತು. ಮೂಲ ವಿಮಾನದಲ್ಲಿ ಅದು ಇರಲಿಲ್ಲ, ಆಮೇಲೆ ಜೋಡಿಸಿದುದು. ಅದರ ಬೋಲ್ಟನ್ನು ಆಸನದ ಬೆನ್ನಿನ ತೆಳುವಾದ ಲೋಹಕ್ಕೆ, ಹಿಂದೆ ಬಲವಾದ ಆಸರೆಯನ್ನು ಕೊಡದೆ, ತೊಡಿಸಿದ್ದರು. ಅಪ್ಪಳಿಸಿದ ಕ್ಷಣದಲ್ಲಿ ಬೋಲ್ಟೂ ವಾಷರುಗಳೂ ಲೋಹವನ್ನು ಹರಿದುಕೊಂಡು ಹೊರಬಂದುವು. ಗಾಯಗಳು ತೀವ್ರವಾಗಲು ಇದೂ ಕಾರಣವೆಂದು ಮಂಡಳಿಯು ಹೇಳಿತು. ಮೇಲ್ಮೈಯ ೩೦ ಕಿಲೋಗ್ರಾಮ್ ಭಾಗವು ತೂಕದ ಹತ್ತರಷ್ಟು ಬಲದಿಂದ ಮುಂದಕ್ಕೆ ನುಗ್ಗಿದರೆ ಪಟ್ಟಿಯ ಮೇಲೆ ೩೦೦ ಕಿಲೋಗ್ರಾಮ್ ತೂಕದ ಎಳೆತ. ವಾಷರಿನ ವ್ಯಾಸ ೨ ಸೆಂಟಿಮೀಟರ್, ತಗಡಿನ ದಪ್ಪ ೧ ಮಿಲಿಮೀಟರ್ ಎಂದಿಟ್ಟುಕೊಂಡರೆ, ಎಳೆತವನ್ನು ತಡೆಯುವ ಲೋಹವು ವಾಷರಿನ ಅಂಚಿನ ಸುತ್ತಲಿನ ೦.೬೩ ಚದರ ಸೆಂಟಿಮೀಟರ್ ಮಾತ್ರ. ೧೦ ಸೆಂಟಿಮೀಟರ್ ವ್ಯಾಸದ ಒಂದು ಬಿಲ್ಲೆಯನ್ನು ಹಿಂದೆ ಇಟ್ಟಿದ್ದರೆ ಅಂಚು ಐದರಷ್ಟಾಗಿ, ಪ್ರತಿ ಚದರ ಸೆಂಟಿಮೀಟರಿನ ಹೊರೆಯು ಐದನೆಯ ಒಂದು ಪಾಲಿಗೆ ಇಳಿಯುತ್ತಿತ್ತು. ಬೆಲೆಯಲ್ಲಿ ಹೇಳುವುದಾದರೆ, ಒಂದು ತುಂಡು ತಗಡು.

ಕೊನೆಗೆ ಒಂದು ಲೆಕ್ಕವನ್ನು ವಾಚಕರಿಗೇ ಬಿಡುತ್ತೇವೆ. ವಿಮಾನಗಳು ಸಾಧಾರಣವಾಗಿ ಎದುರುಗಾಳಿಯಲ್ಲಿ ಮೇಲೇರುತ್ತವೆ. ಆದುದರಿಂದ ಹಿಂದಿರುಗಿ ಇಳಿಯುವವನಿಗೆ ಅದೇ ಗಾಳಿ ಬೆನ್ನಿಗೆ ಬೀಳುತ್ತದೆ. ರೆಕ್ಕೆಗೆ ಬೇಕಾದ ೬೪ ಮೈಲಿ ಗಾಳಿಗೆ ಸಂಬಂಧಿಸಿದುದು; ಚಲನಶಕ್ತಿಯನ್ನು ಸವೆಸಬೇಕಾದುದು ನೆಲಕ್ಕೆ ಸಂಬಂಧಿಸಿದ ವೇಗದಿಂದ. ಗಾಳಿಯು ಗಂಟೆಗೆ ೧೦ ಮೈಲಿಯಂತೆ ಬೀಸುತ್ತಿದ್ದರೆ, ಹಿಂದಿರುಗಿ ಇಳಿಯುವ ವಿಮಾನದ ಚಲನಶಕ್ತಿಯು ನೇರವಾಗಿ ಮುಂದೆಯೇ ಇಳಿಯುವ ವಿಮಾನದ ಚಲನಶಕ್ತಿಯ ಎಷ್ಟರಷ್ಟಾಗುತ್ತದೆ? ಉತ್ತರವು ಹೆಚ್ಚು ಕಡಮೆ ೧.೯ ಎಂದು ಬರಬೇಕು.